ಮದ್ಯ, ತಂಬಾಕು ಮತ್ತು ಮನುಷ್ಯನ ಮಿದುಳು

(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)



ಮದ್ಯ ತಂಬಾಕುಗಳ ಮಾತನ್ನೆತ್ತಿದ ಕೂಡಲೆ ಕೇಳುವವರು ಒಂದು ನೀತಿಬೋಧೆಯನ್ನು ನಿರೀಕ್ಷಿಸುವದು ಸಹಜವಾಗಿದೆ. ಅಂಥ ಬೋಧೆಯನ್ನು ನಮ್ಮ ಹಿರಿಯರು ಬೇಕಾದಷ್ಟು ಮಾಡಿದ್ದಾರೆ. ಅದಕ್ಕೆ ನಾನು ಕೂಡಿಸತಕ್ಕದ್ದೇನೂ ಇಲ್ಲ. ಇಂದು ಪಾಪಪುಣ್ಯಗಳ ವಿಚಾರವನ್ನು ಬದಿಗಿರಿಸಿ, ಈ ಎರಡು ಪದಾರ್ಥಗಳು ಶರೀರವನ್ನು ಹೊಕ್ಕ ಬಳಿಕ ಏನು ಮಾಡುತ್ತವೆಂಬದನ್ನಷ್ಟೇ ತಮ್ಮ ಮುಂದಿಡಲು ಇಚ್ಛಿಸುತ್ತೇನೆ.

ಈ ವಿಷಯದಲ್ಲಿ ಎರಡು ಮಾತುಗಳು ಊರೂರಲ್ಲಿ ಕೇಳಿಬರುತ್ತವೆ. ಕುಡಿಯುವವನು, “ಮನಸ್ಸು ಮಾಡಿದರೆ ನಾಳೆಯೇ ಬಿಟ್ಟೇನು” ಎನ್ನುತ್ತಾನೆ. ನೆರೆಹೊರೆಯವರು, “ಅವನಿಗೆ ಬಿಡುವ ಮನಸ್ಸೇ ಇಲ್ಲ, ನಾಚಿಕೆಗೆಟ್ಟವನು” ಎನ್ನುತ್ತಾರೆ. ಈ ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡರ ಬುಡದಲ್ಲಿಯೂ ಇರುವ ತಪ್ಪು ಒಂದೇ. ಮನಸ್ಸೆಂಬದು ಶರೀರಕ್ಕೆ ಅಂಟದೆ ಎತ್ತರದಲ್ಲೆಲ್ಲಿಯೋ ಕುಳಿತಿದೆ, ಕುಡಿದದ್ದೂ ಸೇದಿದ್ದೂ ಅದನ್ನು ಮುಟ್ಟಲಾರವು ಎಂದು ಇಬ್ಬರೂ ನಂಬಿದ್ದಾರೆ. ವಸ್ತುಸ್ಥಿತಿಯು ಹಾಗಿಲ್ಲ. ನಿರ್ಧರಿಸುವ, ತಡೆದುಕೊಳ್ಳುವ, ಮುಂದಾಲೋಚಿಸುವ ಶಕ್ತಿಗಳು ಮಿದುಳಿನ ಕೆಲಸಗಳು. ಮದ್ಯವೂ ತಂಬಾಕೂ ತಮ್ಮ ಕೈವಾಡವನ್ನು ನಡೆಸುವದು ಆ ಮಿದುಳಿನಲ್ಲಿಯೇ. ವ್ಯಾಜ್ಯವನ್ನು ತೀರಿಸಬೇಕಾದ ನ್ಯಾಯಾಧೀಶನೇ ಪ್ರತಿವಾದಿಯಿಂದ ಲಂಚ ತಿಂದರೆ ತೀರ್ಪು ಹೇಗಿದ್ದೀತು?

ಮೊದಲು ಮದ್ಯದ ವಿಚಾರ. ಸೇಂದಿ, ಬ್ರಾಂದಿ, ಬಿಯರು, ವಿಸ್ಕಿ—ಹೆಸರು ಯಾವದಾದರೂ ಇರಲಿ, ಅಮಲಿಗೆ ಕಾರಣವಾದದ್ದು ಮದ್ಯಸಾರವೊಂದೇ. ಅದರ ಕಣವು ಬಹು ಸಣ್ಣದು. ಅನ್ನದಂತೆ ಅದು ಪಚನವಾಗಬೇಕಾದ ಅವಶ್ಯಕತೆಯಿಲ್ಲ. ಸ್ವಲ್ಪ ಭಾಗವು ಜಠರದಿಂದಲೂ ಹೆಚ್ಚಿನ ಭಾಗವು ಸಣ್ಣ ಕರುಳಿನಿಂದಲೂ ನೇರವಾಗಿ ರಕ್ತವನ್ನು ಸೇರಿ, ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುವದು. ಅದನ್ನು ಒಡೆದು ಹೊರಗೆ ಹಾಕುವ ಭಾರವು ಬಹುಮಟ್ಟಿಗೆ ಯಕೃತ್ತಿನ ಮೇಲೆ ಬೀಳುವದು. ಯಕೃತ್ತು ಸಾಮಾನ್ಯವಾಗಿ ತಾಸಿಗೆ 7ರಿಂದ 10 ಗ್ರಾಮಿನಷ್ಟು ಮದ್ಯಸಾರವನ್ನು ಮಾತ್ರ ಒಡೆಯಬಲ್ಲದು. ಮಜ್ಜಿಗೆಯಾಗಲಿ, ನಿಂಬೆಯ ರಸವಾಗಲಿ, ತಣ್ಣೀರ ಸ್ನಾನವಾಗಲಿ ಈ ವೇಗವನ್ನು ಹೆಚ್ಚಿಸಲಾರದು.

ಇನ್ನು ಮಿದುಳಿನೊಳಗೆ ಅದು ಮಾಡುವದೇನು? ನಮ್ಮ ನರಕೋಶಗಳು ಒಂದಕ್ಕೊಂದು ರಾಸಾಯನಿಕ ದ್ರವ್ಯಗಳ ಮೂಲಕ ಸುದ್ದಿ ಕಳಿಸುತ್ತವೆ. ಅವುಗಳಲ್ಲಿ ಗ್ಲುಟಮೇಟ್ ಎಂಬುದು ಪ್ರಚೋದಿಸತಕ್ಕದ್ದು, ಗಾಬಾ ಎಂಬುದು ತಡೆಯತಕ್ಕದ್ದು. ಬಂಡಿಗೆ ಎತ್ತೂ ಬೇಕು, ಹಗ್ಗವೂ ಬೇಕು. ಮದ್ಯಸಾರವು ಗಾಬಾದ ಕೆಲಸವನ್ನು ಬಲಪಡಿಸಿ ಗ್ಲುಟಮೇಟಿನ ಕೆಲಸವನ್ನು ಕುಗ್ಗಿಸುವದು. ಹಾಗಾದರೆ ಕುಡಿದವನು ಸುಮ್ಮನಾಗುವ ಬದಲು ಕೂಗಾಡುವದೇಕೆ ಎಂದು ತಾವು ಕೇಳಬಹುದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ನಮ್ಮ ನಾಲಗೆಗೂ ಕೈಗೂ ಕಡಿವಾಣ ಹಾಕುವಂಥದು. ಮೊದಲು ಮಂಕಾಗುವ ಭಾಗಗಳಲ್ಲಿ ಅದು ಒಂದು. ಕಾವಲುಗಾರನು ನಿದ್ದೆ ಹೋದ ಮೇಲೆ ಮನೆಯಲ್ಲಿ ಗದ್ದಲವೇಳುವದರಲ್ಲಿ ಆಶ್ಚರ್ಯವೇನು? ಪ್ರಮಾಣವು ಏರಿದಂತೆ ಕಿರುಮಿದುಳು ಕೆಟ್ಟು ಕಾಲು ತಪ್ಪುವದು, ಮಾತು ತೊದಲುವದು. ಹೊಸ ನೆನಪುಗಳನ್ನು ಕೂಡಿಡುವ ಭಾಗವು ನಿಂತುಹೋದರೆ, ರಾತ್ರಿ ಆಡಿದ್ದು ಬೆಳಿಗ್ಗೆ ನೆನಪಿರುವದಿಲ್ಲ. ಇನ್ನೂ ಏರಿದರೆ ಉಸಿರಾಟವನ್ನು ನಡೆಸುವ ಮಿದುಳುಕಾಂಡವೇ ಕುಸಿದು ಪ್ರಾಣವು ಹೋಗುವದು.

ಇದು ಒಂದು ದಿನದ ಮಾತಾಯಿತು. ದಿನಾಲು ಕುಡಿಯುವವನ ಮಿದುಳು ಸುಮ್ಮನೆ ಕುಳಿತಿರುವದಿಲ್ಲ. ಒಳಬರುವ ತಡೆಗೆ ಸರಿಜೋಡಿಯಾಗುವಂತೆ ಅದು ತನ್ನ ಪ್ರಚೋದಕ ಶಕ್ತಿಯನ್ನು ಹೆಚ್ಚಿಸಿಕೊಳ್ಳುವದು. ಆದುದರಿಂದಲೇ ಮೊದಲು ಒಂದು ಲೋಟಕ್ಕೆ ಏರುತ್ತಿದ್ದ ಅಮಲಿಗೆ ಮುಂದೆ ಮೂರು ಬೇಕಾಗುವದು. ಇಂಥವನು ಒಮ್ಮೆಲೆ ನಿಲ್ಲಿಸಿದರೆ ತಡೆಯು ಹೋಗಿ ಪ್ರಚೋದನೆಯೊಂದೇ ಉಳಿಯುವದು. ಮೊದಲ ದಿನವೇ ಕೈ ನಡುಗುವದು, ಬೆವರುವದು, ನಿದ್ದೆ ಬಾರದಿರುವದು. ಕೆಲವರಿಗೆ ಫಿಟ್ಸ್ ಬರುವದು. ಎರಡು ಮೂರು ದಿನಗಳಲ್ಲಿ ಇಲ್ಲದ್ದನ್ನು ಕಂಡು ಬೆದರುವ ಸನ್ನಿಯುಂಟಾಗಿ ಸಾವೂ ಬರಬಹುದು. ಬಹುಕಾಲದಿಂದ ವಿಪರೀತ ಕುಡಿಯುವವನನ್ನು ಛಲದಿಂದ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ಹವಣಿಸುವ ಬಂಧುಗಳು ಇದನ್ನು ಅವಶ್ಯವಾಗಿ ತಿಳಿದಿರಬೇಕು. ಅವನ ಬಿಡುಗಡೆಯು ವೈದ್ಯರ ಕಣ್ಣೆದುರಿಗೆ ಆಗಬೇಕಾದದ್ದು.

ಕುಡುಕರಲ್ಲಿ ಅನೇಕರು ಊಟವನ್ನು ಬಿಡುತ್ತಾರೆ. ತಿಂದದ್ದರಲ್ಲಿಯ ಥಯಾಮಿನ್ ಎಂಬ ಜೀವಸತ್ವವೂ ಮದ್ಯದ ದೆಸೆಯಿಂದ ಮೈಗೆ ಸರಿಯಾಗಿ ಹತ್ತುವದಿಲ್ಲ. ಆ ಕೊರತೆಯಿಂದ ದೃಷ್ಟಿಯೂ ನಡಿಗೆಯೂ ಬುದ್ಧಿಯೂ ಕೆಡುವ ರೋಗವನ್ನು ಜರ್ಮನ್ ವೈದ್ಯ ವೆರ್ನಿಕೆಯು 1881ರಲ್ಲಿ ವರ್ಣಿಸಿದನು. ರಶಿಯದ ಕೊರ್ಸಕೋವನು 1887ರಲ್ಲಿ ವರ್ಣಿಸಿದ ಇದರ ಮುಂದಿನ ಅವಸ್ಥೆಯಲ್ಲಿ ರೋಗಿಯು ಹೊಸದನ್ನು ನೆನಪಿಡಲಾರನು. ಮರೆತ ಎಡೆಗಳನ್ನು ತನಗರಿವಿಲ್ಲದೆಯೇ ಕಲ್ಪನೆಯಿಂದ ತುಂಬಿ ಮಾತಾಡುವನು.

“ಮಿತವಾಗಿ ಕುಡಿದರೆ ಬಾಧಕವೇನು?” ಎಂಬ ಪ್ರಶ್ನೆಯು ವಿದ್ಯಾವಂತರಿಂದ ಬರುವದುಂಟು. ಬ್ರಿಟನ್ನಿನ 36 ಸಾವಿರಕ್ಕೂ ಮಿಕ್ಕ ಜನರ ಮಿದುಳಿನ ಚಿತ್ರಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರಲ್ಲಿ, ದಿನಕ್ಕೆ ಸರಾಸರಿ ಒಂದೆರಡು ಅಳತೆ ಕುಡಿಯುವವರಲ್ಲಿಯೂ ಮಿದುಳಿನ ಗಾತ್ರವು ಕಡಿಮೆಯಿರುವದು ಕಂಡುಬಂದಿತು. ಯಕೃತ್ತು ಮದ್ಯಸಾರವನ್ನು ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷವು ಹುಟ್ಟಿ ಜೀವಕೋಶಗಳ ಬೀಜದ್ರವ್ಯವನ್ನೇ ಕೆಡಿಸುವದು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಹೆಂಗಸರ ಸ್ತನ—ಇವುಗಳ ಕ್ಯಾನ್ಸರಿಗೆ ಮದ್ಯವು ಕಾರಣವೆಂದು ನಿಶ್ಚಿತವಾಗಿದೆ. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೆಂಬದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟವಾಗಿ ಸಾರಿತು. ಗರ್ಭಿಣಿಯು ಕುಡಿದ ಮದ್ಯವು ಹೊಟ್ಟೆಯ ಕೂಸಿನ ರಕ್ತವನ್ನೂ ಸೇರುವದೆಂಬದನ್ನು ಇದರೊಡನೆ ನೆನಪಿಡತಕ್ಕದ್ದು.

ಇನ್ನು ತಂಬಾಕು. ಇದು ನಮ್ಮ ನೆಲದ ಗಿಡವಲ್ಲ. ಅಮೆರಿಕದಿಂದ ಪೋರ್ತುಗೀಜರ ಮೂಲಕ ಬಂದದ್ದು. ಜಹಾಂಗೀರ ಬಾದಶಹನು 1617ರಲ್ಲಿ ಇದನ್ನು ನಿಷೇಧಿಸಿದರೂ ಫಲವಾಗಲಿಲ್ಲ. ಇದರ ಜೀವಾಳವಾದ ನಿಕೋಟಿನನ್ನು 1828ರಲ್ಲಿ ಜರ್ಮನಿಯ ಹೈಡಲ್ಬರ್ಗಿನಲ್ಲಿ ಬೇರ್ಪಡಿಸಿದರು. ನಿಕೋಟಿನ್ ನರಗಳ ಮೇಲೆ ಕೆಲಸ ಮಾಡುವ ವಿಷವೆಂಬದಕ್ಕೆ ದೂರದ ಸಾಕ್ಷಿ ಬೇಕಿಲ್ಲ. ನಿಪ್ಪಾಣಿ, ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ತಂಬಾಕು ಬೆಳೆಯುತ್ತಾರೆ. ಒದ್ದೆಯಾದ ಹಸಿ ಎಲೆಯನ್ನು ಬರಿಗೈಯಿಂದ ಕೀಳುವವರಿಗೆ ಅದು ಚರ್ಮದ ಮೂಲಕವೇ ಒಳಹೊಕ್ಕು ತಲೆಸುತ್ತು, ವಾಂತಿ ತರಬಲ್ಲದು.

ಸೇದಿದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಸೇರಿ, ಸುಖದ ಅರಿವಿಗೆ ಸಂಬಂಧಪಟ್ಟ ಡೋಪಮಿನ್ ಎಂಬ ದ್ರವ್ಯವನ್ನು ಹೊರಡಿಸುವದು. ಸುಮಾರು ಎರಡು ತಾಸಿನಲ್ಲಿ ರಕ್ತದ ನಿಕೋಟಿನ್ ಅರ್ಧಕ್ಕಿಳಿಯುವದು. ಆಗ ಚಡಪಡಿಕೆ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದಿರುವಿಕೆ ಆರಂಭವಾಗುವವು. ಮತ್ತೊಂದು ಬೀಡಿ ಸೇದಿದೊಡನೆ ಅವು ಅಡಗುವವು. ಅದನ್ನೇ “ತಲೆ ಚುರುಕಾಯಿತು” ಎಂದು ಸೇದುವವನು ತಿಳಿಯುತ್ತಾನೆ. ಹಿಂದಿನ ಬೀಡಿಯು ಮಾಡಿಟ್ಟ ಸಾಲಕ್ಕೆ ಈಗಿನ ಬೀಡಿಯಿಂದ ಬಡ್ಡಿ ಕಟ್ಟಿ, ಹಗುರಾದೆನೆಂದು ಹಿಗ್ಗುವ ಸಾಲಗಾರನ ಸುಖವಿದು. ಅಸಲು ಎಂದೂ ತೀರುವದಿಲ್ಲ.

ನಿಕೋಟಿನ್ ಕಟ್ಟಿಹಾಕುವ ಹಗ್ಗವಾದರೆ, ಕೊಲ್ಲುವ ಕೆಲಸವನ್ನು ಹೆಚ್ಚಾಗಿ ಹೊಗೆಯ ಉಳಿದ ದ್ರವ್ಯಗಳು ಮಾಡುತ್ತವೆ. ಆ ಹೊಗೆಯಲ್ಲಿ 7 ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರನ್ನು ತರತಕ್ಕವು. ಅದರಲ್ಲಿಯ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ರಕ್ತವನ್ನು ಹಿಡಿಯುವದರಿಂದ ಹೃದಯಕ್ಕೂ ಮಿದುಳಿಗೂ ಆಮ್ಲಜನಕವು ಕಡಿಮೆಯಾಗುವದು. ರಕ್ತನಾಳಗಳು ಕೆಟ್ಟು ಹೃದಯಾಘಾತ, ಪಾರ್ಶ್ವವಾಯುಗಳು ಬರುವವು. ಬೀಡಿಯು ಸಿಗರೇಟಿಗಿಂತ ಸೌಮ್ಯವೆಂಬದು ಭ್ರಮೆ. ಅದು ಬೇಗನೆ ನಂದುವದರಿಂದ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುವದು.

ಹೊಗೆಯಿಲ್ಲದಿದ್ದರೆ ಹಾನಿಯಿಲ್ಲವೆಂದು ಎಲೆಯಡಿಕೆಯೊಡನೆ ತಂಬಾಕು ಹಾಕಿಕೊಳ್ಳುವವರು ತಿಳಿಯುವರು. 2016–17ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ 22.8ರಷ್ಟು ಜನರು ತಂಬಾಕನ್ನು ಬಳಸುತ್ತಿದ್ದರು. ಹೊಗೆಯಿಲ್ಲದ ತಂಬಾಕಿನವರು 16.3, ಸೇದುವವರು 8.8. ಅಂದರೆ ನಮ್ಮ ನಾಡಿನ ದೊಡ್ಡ ಕೇಡು ಬಾಯೊಳಗೇ ಇದೆ. ಅಡಿಕೆಯೂ ಕ್ಯಾನ್ಸರಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅದರಿಂದ ಕೆನ್ನೆಯ ಒಳಪದರವು ನಾರುಗಟ್ಟಿ, ಬಾಯಿ ತೆರೆದು ತುತ್ತು ಇಡುವದೂ ಕಷ್ಟವಾಗುವದು. ಮದ್ಯ ತಂಬಾಕುಗಳೆರಡೂ ಕೂಡಿದಲ್ಲಿ ಬಾಯಿ ಗಂಟಲುಗಳ ಕ್ಯಾನ್ಸರಿನ ಭಯವು ಕೂಡಿಕೆಯ ಲೆಕ್ಕವನ್ನು ಮೀರಿ ಗುಣಾಕಾರದಂತೆ ಬೆಳೆಯುವದು.

ಶಿಕ್ಷಕ ಬಂಧುಗಳೇ, ತಮಗೆ ವಿಶೇಷವಾಗಿ ಅರಿಕೆ ಮಾಡತಕ್ಕ ಸಂಗತಿಯೊಂದಿದೆ. ತಡೆದುಕೊಳ್ಳುವ ಶಕ್ತಿಯ ಮನೆಯಾದ ಮಿದುಳಿನ ಮುಂಭಾಗವು ಎಲ್ಲಕ್ಕಿಂತ ಕಡೆಗೆ, ಸುಮಾರು 25ರ ವಯಸ್ಸಿಗೆ ಪಕ್ವವಾಗುವದು. 15ರ ಹುಡುಗನಲ್ಲಿ ಸುಖದ ಸೆಳೆತವು ಬಲಿತಿರುವದು, ಕಡಿವಾಣವು ಇನ್ನೂ ಎಳೆಯದಿರುವದು. ಆ ವಯಸ್ಸಿನಲ್ಲಿ ಹತ್ತಿದ ಚಟವು, ಮಿದುಳು ಬೆಳೆಯುವಾಗಲೇ ಅದರೊಳಗೆ ಹೆಣೆದುಕೊಳ್ಳುವದು. 2003ರ ಶಾಸನವು 18ಕ್ಕೆ ಒಳಗಿನವರಿಗೂ ವಿದ್ಯಾಲಯಗಳ ಸಮೀಪದಲ್ಲಿಯೂ ತಂಬಾಕು ಮಾರುವದನ್ನು ನಿಷೇಧಿಸಿತು. ಕರ್ನಾಟಕವು 2025ರಲ್ಲಿ ಆ ವಯಸ್ಸನ್ನು 21ಕ್ಕೆ ಏರಿಸಿತು. ಗುಟಖಾ ನಿಷೇಧವು 2013ರಲ್ಲಿಯೇ ಬಂದಿತು. ಅಡಿಕೆಯ ಚೀಟಿಯೊಂದು, ತಂಬಾಕಿನ ಚೀಟಿಯೊಂದು ಎಂದು ಬೇರೆ ಬೇರೆ ಮಾರಿ ಅದನ್ನು ತಪ್ಪಿಸುವ ಉಪಾಯವನ್ನೂ ವ್ಯಾಪಾರಿಗಳು ಕಂಡುಕೊಂಡರು. ಶಾಸನವು ಶಾಲೆಯ ಬಾಗಿಲವರೆಗೆ ಮಾತ್ರ ಬರಬಲ್ಲದು. ಒಳಗೆ, ತುಟಿಯಲ್ಲಿ ತಂಬಾಕು ಇಟ್ಟುಕೊಂಡು ಆರೋಗ್ಯದ ಪಾಠ ಹೇಳುವ ಗುರುವಿನಿಂದ ಹುಡುಗರು ಕಲಿಯುವದು ಯಾವ ಪಾಠವನ್ನು ಎಂಬದನ್ನು ತಾವೇ ವಿಚಾರಿಸಬೇಕು.

ಇಷ್ಟೆಲ್ಲ ಕೇಳಿ, ಚಟಕ್ಕೆ ಬಿದ್ದವರು ನಿರಾಶರಾಗತಕ್ಕದ್ದಿಲ್ಲ. ಹೊಂದಿಕೊಳ್ಳುವದು ಮಿದುಳಿನ ಗುಣವಾದುದರಿಂದಲೇ ಚಟವು ಹತ್ತಿತು. ಅದೇ ಗುಣದಿಂದ ಬಿಡಿಸಿಕೊಳ್ಳುವದೂ ಸಾಧ್ಯ. ಬ್ರಿಟಿಶ್ ವೈದ್ಯರನ್ನು 1951ರಿಂದ ಐವತ್ತು ವರ್ಷ ಅವಲೋಕಿಸಿದ ರಿಚರ್ಡ್ ಡಾಲ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಕೇಳಿರಿ: ಸಿಗರೇಟು ಸೇದುತ್ತಲೇ ಹೋದವರು ಸರಾಸರಿ 10 ವರ್ಷ ಮೊದಲು ತೀರಿಕೊಂಡರು; 60ನೆಯ ವಯಸ್ಸಿನಲ್ಲಿ ಬಿಟ್ಟವರು 3 ವರ್ಷ, 50ರಲ್ಲಿ ಬಿಟ್ಟವರು 6, 40ರಲ್ಲಿ ಬಿಟ್ಟವರು 9 ವರ್ಷಗಳ ಆಯುಷ್ಯವನ್ನು ಮರಳಿ ಪಡೆದರು; 30ರಲ್ಲಿ ಬಿಟ್ಟವರು ಬಹುತೇಕ ಎಲ್ಲವನ್ನೂ ಪಡೆದರು. ತಂಬಾಕನ್ನು ಬಿಡಲು ನಿಕೋಟಿನ್ ಜಿಗುಟು ಮುಂತಾದ ಸಾಧನಗಳಿವೆ. ಮದ್ಯದ ಹಂಬಲವನ್ನು ಕುಗ್ಗಿಸುವ ಔಷಧಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಚಿಕಿತ್ಸಾ ವಿಭಾಗವಿದೆ. ಒಮ್ಮೆ ಬಿಟ್ಟು ಮತ್ತೆ ಬಿದ್ದವನು ಸೋತನೆಂದು ತಿಳಿಯಬಾರದು. ಹಲವು ಸಲ ಯತ್ನಿಸಿಯೇ ಅನೇಕರು ಗೆದ್ದಿದ್ದಾರೆ.

ಆದುದರಿಂದ ಮಹನೀಯರೇ, “ನಾಳೆ ಬಿಟ್ಟೇನು” ಎನ್ನುವವನು, ಆ ನಾಳೆಯನ್ನು ನಿರ್ಧರಿಸುವ ಶಕ್ತಿಯೇ ಇಂದು ಸವೆಯುತ್ತಿದೆಯೆಂಬದನ್ನರಿತು ಈ ದಿನವೇ ನೆರವನ್ನು ಕೇಳಲಿ. “ನಾಚಿಕೆಗೆಟ್ಟವನು” ಎನ್ನುವವರು, ಅವನನ್ನು ರೋಗಿಯೆಂದು ತಿಳಿದು ವೈದ್ಯರ ಬಳಿಗೆ ಕೈಹಿಡಿದು ಕರೆದೊಯ್ಯಲಿ. ಇನ್ನೂ ಈ ಬಲೆಗೆ ಬೀಳದ ಮಕ್ಕಳನ್ನು ಕಾಯುವ ಭಾರವು ತಮ್ಮದು, ನಮ್ಮೆಲ್ಲರದು.