ಸೇವಾ ಕ್ಲಬ್ಬು ಮತ್ತು ನಮ್ಮ ಸೊಸೈಟಿ



ರೋಣದ ಸೇವಾ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಓಡಾಡಿದವನೆಂದು ನನ್ನನ್ನು ಕರೆದಿದ್ದೀರಿ. ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ರೋಟರಿ ಆರಂಭಿಸಿದ್ದು 1905ರಲ್ಲಿ. ಅದೇ ವರ್ಷ ಇಲ್ಲೇ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶದ ಮೊದಮೊದಲ ಸಂಘಗಳಲ್ಲೊಂದು. ಕ್ಲಬ್ಬಿನಲ್ಲಿ ನಾವು ಕೊಟ್ಟದ್ದು ಬಿಡುವಿನ ವೇಳೆ, ಒಂದಿಷ್ಟು ವಂತಿಗೆ. 1904ರ ಕಾಯ್ದೆಯಂತೆ ಹಳ್ಳಿಯ ಸಂಘದ್ದು ಅಪರಿಮಿತ ಹೊಣೆಗಾರಿಕೆ; ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲ-ಮನೆಗೂ ಕುತ್ತು. ಗೊತ್ತಿದ್ದೂ ಸದಸ್ಯರಾದರಲ್ಲ, ಅವರದು ಎಂಥ ಎದೆ!

ನನ್ನದೊಂದು ತಪ್ಪು ಹೇಳಿಬಿಡ್ತೀನಿ. ಒಮ್ಮೆ ಹಳ್ಳಿಯೊಂದರಲ್ಲಿ ಕಣ್ಣಿನ ಶಿಬಿರ ಮಾಡಿದೆವು. ಹಾರ, ಫೋಟೋ ಎಲ್ಲ ಆಯ್ತು. ಜೀಪು ಹತ್ತುವಾಗ ಒಬ್ಬ ಅಜ್ಜಿ ಕೇಳಿದಳು: “ಯಪ್ಪಾ, ಕಣ್ಣಾಗ ಬಿಡೂ ಔಷಧ ತೀರಿದ್ರ ಯಾರನ್ನ ಕೇಳ್ಲಿ?” ನಾವ್ಯಾರೂ ಅದನ್ನು ಯೋಚಿಸಿರಲೇ ಇಲ್ಲ. ಆ ಊರ ಸೊಸೈಟಿಯ ಕಾರ್ಯದರ್ಶಿ ಗೊಬ್ಬರದ ರಸೀದಿ ಬರೆಯೋದು ಬಿಟ್ಟು ಎದ್ದು ಬಂದ. “ಯಮ್ಮಾ, ಸೊಸೈಟಿಗೆ ಬಾ, ನಾ ತರಿಸಿ ಕೊಡ್ತೀನಿ” ಅಂದ. ಮರುವಾರದಿಂದ ನಾನೂ ಗಜೇಂದ್ರಗಡದ ಸಂತೆ ಮುಗಿಸಿ ಆ ಊರಿಗೆ ಹೋಗತೊಡಗಿದೆ, ಫೋಟೋದವರಿಲ್ಲದೆ.