ಬೊಜ್ಜು ಸುಮ್ಮನೆ ಕೂತಿರುವುದಿಲ್ಲ
(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಭಾಷಣ)



ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ನೋಡುತ್ತೇವೆ. ನಮ್ಮ ದೇಹವೂ ಉಳಿತಾಯ ಮಾಡುತ್ತದೆ. ತಿಂದದ್ದರಲ್ಲಿ ಖರ್ಚಾಗದೆ ಮಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುತ್ತದೆ. ಕೊಬ್ಬು ಅಂದರೆ ಬರೀ ಉಗ್ರಾಣ ಎಂದೇ ವೈದ್ಯರೂ ಬಹಳ ಕಾಲ ತಿಳಿದಿದ್ದರು. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕೊಬ್ಬಿನಲ್ಲೇ ತಯಾರಾಗುವ ಒಂದು ಹಾರ್ಮೋನನ್ನು ಪತ್ತೆ ಮಾಡಿದರು. ಅದರ ಹೆಸರು ಲೆಪ್ಟಿನ್. ಅದು ರಕ್ತದ ಮೂಲಕ ಮೆದುಳಿಗೆ ಹೋಗಿ, ‘ಇಲ್ಲಿ ಬೇಕಾದಷ್ಟು ಕೂಡಿದೆ, ಊಟ ಸಾಕು’ ಅಂತ ತಿಳಿಸುತ್ತದೆ. ಅಂದರೆ ಥೈರಾಯ್ಡ್ ಗ್ರಂಥಿಯ ಹಾಗೆ ಕೊಬ್ಬು ಕೂಡ ಕೆಲಸ ಮಾಡುವ ಒಂದು ಅಂಗವೇ.

ಹಾಗಾದ್ರೆ ದಪ್ಪಗಿದ್ದವರಿಗೆ ಹಸಿವೇ ಆಗಬಾರದಲ್ವಾ ಅಂತ ನೀವು ಕೇಳಬಹುದು. ದಿನಾ ಹೇಳಿದ್ದನ್ನೇ ಹೇಳಿದರೆ ಮನೆಯವರು ಕಿವಿಗೆ ಹಾಕಿಕೊಳ್ಳುತ್ತಾರೆಯೇ? ಲೆಪ್ಟಿನ್ ವಿಪರೀತವಾದಾಗ ಮೆದುಳೂ ಹಾಗೇ ಮಾಡುತ್ತದೆ. ಊಟ ಬಿಟ್ಟು ಒಂದೇ ತಿಂಗಳಲ್ಲಿ ತೂಕ ಇಳಿಸಲು ಹೋದರೆ ಲೆಪ್ಟಿನ್ ಕುಸಿದು ಹಸಿವು ಇನ್ನೂ ಜಾಸ್ತಿಯಾಗುತ್ತದೆ. ಆದ್ದರಿಂದ ಯಾರನ್ನೂ ಬಾಯಿಚಪಲ ಅಂತ ಹೀಯಾಳಿಸುವುದು ಬೇಡ.

ತೊಡೆ, ಸೊಂಟದ ಕೆಳಗಿನ ಕೊಬ್ಬು ಅಷ್ಟು ಕೆಟ್ಟದ್ದಲ್ಲ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವುದೇ ಅಪಾಯ. ಅಲ್ಲಿಂದ ಹೊರಡುವ ಕೊಬ್ಬಿನಂಶವೂ ಉರಿಯೂತ ತರುವ ರಾಸಾಯನಿಕಗಳೂ ನೇರವಾಗಿ ಲಿವರಿಗೆ ಹೋಗುತ್ತವೆ. ಇನ್ಸುಲಿನ್ ಇದ್ದರೂ ಅದರ ಕೆಲಸ ನಡೆಯುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ತೊಂದರೆ ಒಂದರ ಹಿಂದೆ ಒಂದು ಬರುತ್ತವೆ.

‘ನಾನು ಸಣ್ಣಗಿದ್ದೀನಲ್ಲ’ ಅನ್ನುವವರೂ ಕೇಳಿ. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ತಮ್ಮದೇ ಲೆಕ್ಕವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸರಿಸಮ, 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರಿಗೆ ಶೇಕಡಾ 9.1, ನಮ್ಮ ಯಾಜ್ಞಿಕರಿಗೆ 21.2! ಭಾರತೀಯರಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುವುದು ಹೆಚ್ಚು. ಅದಕ್ಕೇ ತಕ್ಕಡಿಗಿಂತ ಟೇಪು ಮುಖ್ಯ.

ಹೊಲಿಗೆ ಕಲಿತವರು ಪ್ರತಿ ಸಂಘದಲ್ಲೂ ಇದ್ದೀರಿ. ಮುಂದಿನ ಸಭೆಗೆ ಟೇಪು ತನ್ನಿ. ಅಳೆಯುವುದು ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಅಲ್ಲಿ ಯಾರೂ ಬಹುಮಾನ ಕೊಡುವುದಿಲ್ಲ. ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚಿನೊಳಗೆ ಇರಬೇಕು.

ಇನ್ನೊಂದು ಮಾತು, ನಾಚಿಕೆಯಿಂದ ನಾವು ಮುಚ್ಚಿಡುವಂಥದ್ದು. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೊಜನ್ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಕೊಬ್ಬು ಮಾತ್ರ ನಿಲ್ಲಿಸುವುದಿಲ್ಲ. ಬೊಜ್ಜು ಜಾಸ್ತಿಯಾದಷ್ಟೂ ಈ ಹಾರ್ಮೋನು ಜಾಸ್ತಿ. ಇದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರ್ ಆಗುವ ಸಂಭವ ಹೆಚ್ಚುತ್ತದೆ. ಸ್ತನ ಕ್ಯಾನ್ಸರಿನ ಸಂಭವವೂ ಹೌದು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ‘ಮತ್ತೆ ಮುಟ್ಟು ಬಂದದ್ದು’ ಅಲ್ಲ. ಉಷ್ಣ ಅಂತ ಎಳನೀರು ಕುಡಿದು ಕೂರಬೇಡಿ. ದಪ್ಪಗಿರಲಿ, ಸಣ್ಣಗಿರಲಿ, ಅದೇ ವಾರ ಡಾಕ್ಟರಿಗೆ ತೋರಿಸಿ. ಬೇಗ ಗೊತ್ತಾದರೆ ಗುಣವಾಗುವ ಕಾಯಿಲೆ ಇದು.

ಕೊಬ್ಬು ಪೂರ್ತಿ ಕರಗಬೇಕಾಗಿಲ್ಲ. 70 ಕಿಲೋ ಇರುವವರು ನಾಲ್ಕೈದು ಕಿಲೋ ಇಳಿಸಿದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗುತ್ತದೆ. ಅನ್ನ ಒಂದು ಸೌಟು ಕಡಿಮೆ, ಕಾಳು-ಸೊಪ್ಪು ಒಂದು ಸೌಟು ಜಾಸ್ತಿ. ವಾರಕ್ಕೆ 5 ದಿನ ಅರ್ಧ ಗಂಟೆ ಬಿರುಸು ನಡಿಗೆ. ‘ಮನೆಕೆಲಸ ಮಾಡ್ತೀವಲ್ಲ’ ಅನ್ನುತ್ತೀರಿ. ಏದುಸಿರು ಬರದ ಕೆಲಸ ಈ ಲೆಕ್ಕಕ್ಕೆ ಸಾಲದು. ಸಭೆಯ ಬೋಂಡಾ, ಬಜ್ಜಿ ವಿಷಯ ನಿಮಗೇ ಬಿಟ್ಟಿದ್ದೇವೆ.

30 ವರ್ಷ ದಾಟಿದವರಿಗೆ ಆಶಾ ಕಾರ್ಯಕರ್ತೆ ತುಂಬಿಸುವ ಫಾರಂನಲ್ಲಿ ಹೊಟ್ಟೆಯ ಸುತ್ತಳತೆಗೂ ಅಂಕವಿದೆ. 81ರಿಂದ 90 ಸೆಂಟಿಮೀಟರಿಗೆ 1, ಅದಕ್ಕೂ ಮೇಲಾದರೆ 2. ಒಟ್ಟು ಅಂಕ 4 ದಾಟಿದವರನ್ನು ಬಿ.ಪಿ., ಸಕ್ಕರೆ ತಪಾಸಣೆಗೆ ಮೊದಲು ಕರೆಯುತ್ತಾರೆ. ಅವರು ಮನೆಗೆ ಬಂದಾಗ ‘ನಂಗೇನೂ ಆಗಿಲ್ಲ, ಹೋಗಮ್ಮ’ ಅಂತ ಕಳಿಸಬೇಡಿ. ಕೂರಿಸಿ, ಅಳತೆ ಕೊಡಿ.