ಹಂಪಿಗೆ ಹೋದರೆ ಎಲ್ಲಿ ಇಳ್ಕೊಳ್ಳೋದು?

ಗಲ್ಫಿನ ಕನ್ನಡ ಬಂಧುಗಳೇ,

ಜುಲೈ-ಆಗಸ್ಟ್ ರಜೆಯಲ್ಲಿ ಮಕ್ಕಳಿಗೆ ಹಂಪಿ ತೋರಿಸಬೇಕು ಅಂತ ಸುಮಾರು ಜನ ಹೇಳ್ತಿದ್ದೀರಿ. ದೊಡ್ಡ ಹೋಟೆಲೇ ಆಗಬೇಕು ಅಂತ ಹಟ ಬೇಡ. ವಿರೂಪಾಕ್ಷ ದೇವಸ್ಥಾನದ ಹತ್ತಿರ ಜನತಾ ಪ್ಲಾಟ್‌ನಲ್ಲಿ, ಹೊಳೆಯಾಚೆ ಆನೆಗೊಂದಿ, ಸಣಾಪುರದಲ್ಲಿ ಮನೆಯವರೇ ನಡೆಸುವ ಗೆಸ್ಟ್‌ಹೌಸ್‌ಗಳಿವೆ. ಊಟ ಬೇಕಿದ್ದರೆ ಬೆಳಿಗ್ಗೆಯೇ ಹೇಳಿಬಿಡಿ. ಅಲ್ಲಿ ರೊಟ್ಟಿ ತಟ್ಟುವವರು ಮನೆಯ ಹೆಣ್ಣುಮಕ್ಕಳೇ.

ಹಳೇ ವಿಳಾಸ ನಂಬಿ ವಿರೂಪಾಪುರ ಗಡ್ಡೆಗೆ ಹೋಗಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ಗೆಸ್ಟ್‌ಹೌಸ್‌ಗಳನ್ನು ಕೆಡವಿದರು. ಸ್ಮಾರಕಗಳು ಉಳಿಯಬೇಕು, ನಿಜ. ಆದರೆ ಅದನ್ನೇ ನಂಬಿದ್ದ ಸಂಸಾರಗಳೂ ಬೀದಿಗೆ ಬಂದವು.

ನಿಮ್ಮ ಜೊತೆ ಫಿಲಿಪೀನ್ಸಿನವರೋ ಈಜಿಪ್ಟಿನವರೋ ಸಹೋದ್ಯೋಗಿ ಬರ್ತಾರೆ ಅಂದ್ರೆ ಮೊದಲೇ ಫೋನ್ ಮಾಡಿ ಕೇಳಿ. ವಿದೇಶಿಯರು ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನಿನಲ್ಲಿ ಅವರ ವಿವರ ತುಂಬಬೇಕು. ಆ ನೋಂದಣಿ ಇಲ್ಲದವರು ರಾತ್ರಿ ಹೊತ್ತು ಬಾಗಿಲಲ್ಲೇ ‘ಆಗಲ್ಲ ಸರ್’ ಅಂದ್ರೆ ಅವರ ಮೇಲೆ ರೇಗಬೇಡಿ. ಕಾನೂನಿಗೆ ಉತ್ತರ ಹೇಳಬೇಕಾದವರು ಅವರು.

ಕೊನೆಯ ಮಾತು ಬಾಡಿಗೆಯದು. ಹಂಪಿಯ ಸೀಸನ್ ಅಂದ್ರೆ ಚಳಿಗಾಲ. ನಾವು ಹೋಗೋದು ಮಳೆಗಾಲದಲ್ಲಿ. ಆಗ ರೂಮುಗಳು ಖಾಲಿ, ಬಾಡಿಗೆ ಹೇಗೂ ಕಡಿಮೆ. ಅದರಲ್ಲೂ ಚೌಕಾಸಿ ಯಾಕೆ? ತಿಂಗಳ ಸಂಬಳದಲ್ಲಿ ಊರಿಗೆ ದುಡ್ಡು ಕಳಿಸೋ ನಮಗೆ ದುಡಿಮೆಯ ಬೆಲೆ ಗೊತ್ತು. ಅವರಿಗೆ ನಾಲ್ಕು ತಿಂಗಳ ಗಳಿಕೆಯಲ್ಲೇ ವರ್ಷ ಸಾಗಬೇಕು. ರೂಮು ನೋಡಿ, ಬಿಸಿನೀರು ಬರುತ್ತಾ ಕೇಳಿ, ಒಪ್ಪಿಗೆಯಾದರೆ ಹೇಳಿದಷ್ಟು ಕೊಟ್ಟು ಬನ್ನಿ.